ಫೈಲ್ ತೆರೆಯಿತು ಸರಿ, ಒಳಗಿನ ಕನ್ನಡ ಎಲ್ಲಿ?

"ಹಳೇ ವರ್ಡ್ ಫೈಲು ಹೊಸ ವರ್ಡ್‌ನಲ್ಲಿ ತೆರೆಯುತ್ತಾ?" ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಚ್ಚಿಗೆ ಪುಟ ಜೋಡಿಸುವ ಕೆಲಸದಲ್ಲೇ ತಲೆ ಬೆಳ್ಳಗಾದವನು ನಾನು. ಹಾಗಾಗಿ ಪರಿಚಯದವರು ಪೆನ್‌ಡ್ರೈವ್ ಹಿಡಿದುಕೊಂಡು ಬಂದು ಇದನ್ನೇ ಕೇಳುತ್ತಾರೆ. ಉತ್ತರ ಸುಲಭ. ತೆರೆಯುತ್ತದೆ. ವರ್ಡ್ 97ರಿಂದ 2003ರವರೆಗಿನ ಡಾಕ್ ಫೈಲುಗಳನ್ನು ಇವತ್ತಿನ ವರ್ಡ್ ಆರಾಮಾಗಿ ತೆರೆಯುತ್ತದೆ. ಮೇಲೆ ‘ಕಂಪ್ಯಾಟಿಬಿಲಿಟಿ ಮೋಡ್’ ಅಂತ ತೋರಿಸುತ್ತದೆ, ಅಷ್ಟೇ. ಫೈಲ್ ಮೆನುವಿನ ಇನ್ಫೋದಲ್ಲಿ ಕನ್ವರ್ಟ್ ಒತ್ತಿದರೆ 2007ರ ಆಫೀಸ್ ಜೊತೆ ಬಂದ ಡಾಕ್‌ಎಕ್ಸ್ ರೂಪಕ್ಕೆ ಬದಲಾಗುತ್ತದೆ. ಅದಕ್ಕಿಂತ ಹಿಂದಿನ ವರ್ಡ್ 6, ವರ್ಡ್ 95 ಕಾಲದ್ದಾದರೆ ಸ್ವಲ್ಪ ತಕರಾರು ಬರಬಹುದು. ಆ ಹಳೆಯ ರೂಪಗಳ ಮೂಲಕ ವೈರಸ್ ನುಗ್ಗಬಹುದು ಅನ್ನುವ ಭಯಕ್ಕೆ ವರ್ಡ್ ಅವನ್ನು ತಡೆದು ನಿಲ್ಲಿಸುತ್ತದೆ. ಟ್ರಸ್ಟ್ ಸೆಂಟರ್‌ನಲ್ಲಿ ‘ಫೈಲ್ ಬ್ಲಾಕ್ ಸೆಟ್ಟಿಂಗ್ಸ್’ ಅಂತ ಇದೆ. ಅಲ್ಲಿ ಟಿಕ್ ತೆಗೆದರೆ ತೆರೆಯುತ್ತದೆ. ಅದೂ ಬೇಡ ಅಂದರೆ ವರ್ಡ್ ಥರದ್ದೇ ತಂತ್ರಾಂಶ ಲಿಬ್ರೆ ಆಫೀಸ್ ಇದೆ, ಪುಕ್ಕಟೆ.

ಇಂಗ್ಲಿಷಿನಲ್ಲಿ ಬರೆದವರಿಗೆ ಕೆಲಸ ಇಲ್ಲಿಗೆ ಮುಗಿಯಿತು. ನಮಗೆ ಇಲ್ಲಿಂದ ಶುರು.

ಕನ್ನಡದ ಹಳೆ ಫೈಲು ಹೊಸ ಕಂಪ್ಯೂಟರಿನಲ್ಲಿ ತೆರೆದಾಗ ಏನು ಕಾಣುತ್ತದೆ ಅಂತ ನಿಮಗೂ ಗೊತ್ತಿರುತ್ತದೆ. ‘ಕನ್ನಡ’ ಅಂತ ಇರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆ ಗೆರೆ ಹೊತ್ತ ಎ, ಬ್ರಿಟಿಷ್ ಪೌಂಡಿನ ಗುರುತು, ಜರ್ಮನ್ನರ ಒಂದು ವಿಚಿತ್ರ ಅಕ್ಷರ, ಆಮೇಲೆ ಕ್ಯೂ. "ಫೈಲು ಕೆಟ್ಟುಹೋಗಿದೆ" ಅಂತ ಜನ ಗಾಬರಿಯಾಗುತ್ತಾರೆ. ಕೆಟ್ಟಿಲ್ಲ. ಆ ಫೈಲಿನ ಒಳಗೆ ಯಾವತ್ತೂ ಇದ್ದದ್ದೇ ಅದು. ಕನ್ನಡ ಟೈಪ್ ಮಾಡಲು ಬಳಸುತ್ತಿದ್ದ ನುಡಿ ತಂತ್ರಾಂಶದ ಫಾಂಟ್ ಮಾಡುತ್ತಿದ್ದ ಕೆಲಸ ಏನೆಂದರೆ, ಪಿ ಅನ್ನುವ ಜಾಗದಲ್ಲಿ ‘ಕ’ದ ಒಡಲಿನ ಚಿತ್ರ ಕೂರಿಸುವುದು, ಆ ಓರೆ ಗೆರೆಯ ಎ ಜಾಗದಲ್ಲಿ ತಲೆಕಟ್ಟಿನ ಚಿತ್ರ ಇಡುವುದು. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಕಲಸುಮೇಲೋಗರ.

ಡಾಕ್ ಅನ್ನು ಡಾಕ್‌ಎಕ್ಸ್ ಮಾಡಿದರೆ ಇದು ಸರಿಹೋಗುತ್ತದೆ ಅಂತ ಅಂದುಕೊಂಡವರು ತುಂಬಾ ಜನ. ಹೋಗುವುದಿಲ್ಲ. ಪೆಟ್ಟಿಗೆ ಬದಲಾಯಿತು, ಒಳಗಿನ ಸಾಮಾನು ಹಾಗೇ ಇದೆ. ನುಡಿ ಹಾಕಿಕೊಂಡರೆ ಓದಲು ಬರುತ್ತದೆ, ನಿಜ. ಆದರೆ ಮೊಬೈಲಿನಲ್ಲಿ? ಗೂಗಲ್ ಡಾಕ್ಸ್‌ನಲ್ಲಿ? ಹುಡುಕಲು ಹೋದರೆ? ಪಿಡಿಎಫ್ ಮಾಡಿಟ್ಟರೂ ಅಷ್ಟೇ. ನೋಡಲು ಚೆನ್ನಾಗಿರುತ್ತದೆ, ಕಾಪಿ ಮಾಡಿ ಅಂಟಿಸಿದರೆ ಮತ್ತದೇ ಪೌಂಡು. ಗೂಗಲ್‌ಗೆ ಅದು ಕನ್ನಡ ಅಂತಲೇ ಗೊತ್ತಾಗುವುದಿಲ್ಲ. ಕಣ್ಣು ಕಾಣದವರು ಸ್ಕ್ರೀನ್ ರೀಡರ್ ಹಾಕಿ ಕೇಳಿದರೆ ಅದು ಪಿ, ಎ ಅಂತ ಗೊಣಗುತ್ತದೆ. ಎಷ್ಟೋ ಸುತ್ತೋಲೆಗಳು ಹೀಗೇ ಬಿದ್ದಿವೆ.

ಎಕ್ಸೆಲ್ ಕಥೆ ಇನ್ನೂ ಮಜಾ. ಸಂಘದ ಸದಸ್ಯರ ಪಟ್ಟಿಯನ್ನು ನುಡಿಯಲ್ಲಿ ಟೈಪ್ ಮಾಡಿ ಅಕಾರಾದಿ ಜೋಡಿಸಿ ನೋಡಿ. ನುಡಿಯಲ್ಲಿ ‘ಜ’ ಕೂತಿರುವುದು ಇಂಗ್ಲಿಷಿನ ಡಿ ಮನೆಯಲ್ಲಿ, ‘ರ’ ಜಿ ಮನೆಯಲ್ಲಿ, ‘ಕ’ ಪಿ ಮನೆಯಲ್ಲಿ. ಹಾಗಾಗಿ ಜಯಮ್ಮ ಮೊದಲು, ಆಮೇಲೆ ರಮೇಶ, ಅವರಿಬ್ಬರ ಹಿಂದೆ ಕಮಲಾ. ಎಕ್ಸೆಲ್ ಲೆಕ್ಕದಲ್ಲಿ ಅದು ಸರಿಯಾಗೇ ಜೋಡಿಸಿದೆ, ಪಾಪ.

(ಎಕ್ಸೆಲ್ ಅಂದಾಗ ನೆನಪಾಯಿತು. ಹಳೆಯ ಎಕ್ಸ್‌ಎಲ್‌ಎಸ್ ಶೀಟಿನಲ್ಲಿ 65,536 ಸಾಲಷ್ಟೇ ಹಿಡಿಯುತ್ತದೆ. ಹೊಸದರಲ್ಲಿ 10,48,576. ಇಂಗ್ಲೆಂಡಿನಲ್ಲಿ 2020ರಲ್ಲಿ ಕೋವಿಡ್ ಲೆಕ್ಕವನ್ನು ಹಳೆಯ ರೂಪಕ್ಕೆ ತುಂಬಿಸಲು ಹೋಗಿ 15,841 ಸೋಂಕಿತರು ಲೆಕ್ಕದಿಂದಲೇ ಬಿಟ್ಟುಹೋಗಿದ್ದರು. ಹಳೆ ರೂಪಕ್ಕೆ ಜೋತುಬೀಳುವುದು ನಮ್ಮೊಬ್ಬರ ರೋಗವಲ್ಲ.)

ನುಡಿಯನ್ನು ಬೈಯುವ ಉದ್ದೇಶ ನನಗಿಲ್ಲ. ಅನ್ನ ಹಾಕಿದ ತಂತ್ರಾಂಶ ಅದು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಆಧರಿಸಿ ಕನ್ನಡ ಗಣಕ ಪರಿಷತ್ತು ಮಾಡಿಕೊಟ್ಟ ನುಡಿ, 1998ರಲ್ಲಿ ಬಂದ ‘ಬರಹ’ ತಂತ್ರಾಂಶ, ಇವೆರಡೂ ಇಲ್ಲದಿದ್ದರೆ ಮನೆ ಮನೆಯ ಕಂಪ್ಯೂಟರಿಗೆ ಕನ್ನಡ ಬರುವುದು ಎಷ್ಟು ತಡವಾಗುತ್ತಿತ್ತೋ. ಬೇರೆ ಬೇರೆ ಭಾಷೆಗಳ ಪ್ರತಿ ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಅದರದೇ ಸಂಖ್ಯೆ ಕೊಡುವ ಪದ್ಧತಿಗೆ ಯುನಿಕೋಡ್ ಅನ್ನುತ್ತಾರೆ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ವಿಂಡೋಸ್ ತಾನಾಗೇ ಕನ್ನಡ ತೋರಿಸಲು 2001ರ ಎಕ್ಸ್‌ಪಿ, ಅದರ ತುಂಗಾ ಫಾಂಟ್ ಬರಬೇಕಾಯಿತು. ನಮ್ಮ ಅಚ್ಚಿನ ಲೋಕ ನಿಂತಿದ್ದ ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್ ಅಂತೂ ಕೊನೆಯವರೆಗೂ ಯುನಿಕೋಡ್ ಕಲಿಯಲೇ ಇಲ್ಲ. ಆಗ ಹಾಗೆ ಟೈಪ್ ಮಾಡಿದ್ದರಲ್ಲಿ ಏನೂ ತಪ್ಪಿಲ್ಲ. ಈಗಲೂ ಹಾಗೇ ಮಾಡುತ್ತೇವೆ ಅನ್ನುವುದು ನನಗೆ ಅರ್ಥವಾಗುವುದಿಲ್ಲ. ಮೊನ್ನೆ ಒಂದು ಸಂಸ್ಥೆಗೆ ಲೇಖನ ಯುನಿಕೋಡ್‌ನಲ್ಲಿ ಕಳಿಸಿದರೆ, "ನುಡಿ 01 ಇ ಫಾಂಟಿನಲ್ಲೇ ಕಳಿಸಿ ಸರ್, ಇದು ನಮ್ಮಲ್ಲಿ ತೆರೆಯುವುದಿಲ್ಲ" ಅಂದರು. ನುಡಿಯಲ್ಲೇ ಯುನಿಕೋಡ್ ಟೈಪ್ ಮಾಡುವ ಸೌಲಭ್ಯ ಬಂದು ಕಾಲವಾಯಿತು. ಕೀ ಒತ್ತುವ ರೀತಿ ಅದೇ, ಬೆರಳು ಹೊಸದಾಗಿ ಏನೂ ಕಲಿಯಬೇಕಿಲ್ಲ. ಆದರೂ ಹಟ.

ಇನ್ನು ಬದಲಾಯಿಸುವ ವಿಚಾರ. ನುಡಿ, ಬರಹದ ಹಳೆ ಫಾಂಟುಗಳನ್ನು ಯುನಿಕೋಡ್ ಮಾಡುವ ಪರಿವರ್ತಕಗಳು ಬೇಕಾದಷ್ಟಿವೆ, ಪುಕ್ಕಟೆಯೂ ಸಿಗುತ್ತವೆ. ಒಂದು ಕಡೆ ಅಂಟಿಸಿ, ಬಟನ್ ಒತ್ತಿ, ಇನ್ನೊಂದು ಕಡೆ ತೆಗೆದುಕೊಳ್ಳಿ. ಎರಡು ಪುಟದ ಪತ್ರಕ್ಕೆ ಧಾರಾಳ ಸಾಕು. ಇನ್ನೂರು ಪುಟದ ಕಾದಂಬರಿಗೆ ಸಾಲದು.

ಮೊದಲ ಪೆಟ್ಟು ಅರ್ಕಾವತ್ತಿಗೆ. ನಾವು ಬರೆಯುವಾಗ ಅರ್ಕಾವತ್ತು ಅಕ್ಷರದ ಆಚೆ ಬದಿಗೆ ಬರುತ್ತದೆ. ನುಡಿಯಲ್ಲಿ ಕಣ್ಣಿಗೆ ಕಾಣುವ ಆ ಕ್ರಮದಲ್ಲೇ ಉಳಿದಿರುತ್ತದೆ. ಯುನಿಕೋಡ್ ಉಚ್ಚಾರದ ಕ್ರಮ ಕೇಳುತ್ತದೆ, ರಕಾರ ಮೊದಲು ಬರಬೇಕು. ಪರಿವರ್ತಕ ಅದನ್ನು ಎತ್ತಿ ಹಿಂದಕ್ಕೆ ಹಾಕದಿದ್ದರೆ ‘ಕಾರ್ಯಕ್ರಮ’ ಹೋಗಿ ‘ಕಾಯರ್ಕ್ರಮ’ ಆಗುತ್ತದೆ. ‘ಧರ್ಮ’ ‘ಧಮರ್’, ‘ಕರ್ನಾಟಕ’ ‘ಕನಾರ್ಟಕ’. ಇಂಥ ಪದಗಳನ್ನು ಅಚ್ಚಾದ ಆಮಂತ್ರಣ ಪತ್ರಿಕೆಗಳಲ್ಲೂ ನೀವು ನೋಡಿರುತ್ತೀರಿ, ಅಲ್ವಾ? ಟೈಪ್ ಮಾಡಿದವನಿಗೆ ಕಾಗುಣಿತ ಬರುವುದಿಲ್ಲ ಅಂತ ನಗಬೇಡಿ. ಅದು ಪರಿವರ್ತಕದ ಕೈಬರಹ. ಕೊನೆಯಲ್ಲಿ ‘ರ್’ ಇರುವ ಪದಗಳನ್ನೆಲ್ಲ ಹುಡುಕಿದರೆ ಇವುಗಳಲ್ಲಿ ಅರ್ಧ ಸಿಕ್ಕಿಬೀಳುತ್ತವೆ. ಡಾಕ್ಟರ್, ಇಂಜಿನಿಯರ್ ಬಿಟ್ಟು ಉಳಿದವನ್ನು ಅನುಮಾನದಿಂದ ನೋಡಿ.

ಎರಡನೆಯದು ಇಂಗ್ಲಿಷ್ ಪದಗಳು. ಲೇಖನದ ನಡುವೆ ಒಂದು ಇಮೇಲ್ ವಿಳಾಸ, ಒಂದು ಔಷಧಿಯ ಹೆಸರು ಇರುತ್ತದೆ. ಬರಿ ಪಠ್ಯ ಅಂಟಿಸಿದಾಗ ಯಾವ ಪದ ಯಾವ ಫಾಂಟಿನಲ್ಲಿತ್ತು ಅನ್ನುವ ಗುರುತು ಕಳೆದುಹೋಗುತ್ತದೆ. ಪರಿವರ್ತಕ ಎಲ್ಲವನ್ನೂ ನುಡಿ ಅಂತ ತಿಳಿದು ಇಂಗ್ಲಿಷನ್ನೂ ಒತ್ತಕ್ಷರದ ರಾಶಿ ಮಾಡಿಬಿಡುತ್ತದೆ. ವರ್ಡ್‌ನ ಫೈಂಡ್‌ನಲ್ಲಿ ಫಾಂಟಿನ ಹೆಸರು ಕೊಟ್ಟು ಹುಡುಕಬಹುದು. ನಾನು ಮೊದಲು ಇಂಗ್ಲಿಷ್ ಫಾಂಟಿನಲ್ಲಿರುವುದನ್ನೆಲ್ಲ ಹುಡುಕಿ ಬಣ್ಣ ಹಚ್ಚಿಟ್ಟುಕೊಳ್ಳುತ್ತೇನೆ. ಆಮೇಲೆ ಮೂಲದ ಜೊತೆ ಇಟ್ಟು ಅವನ್ನೇ ನೋಡಿಕೊಂಡು ಬರುತ್ತೇನೆ.

ಅನುಸ್ವಾರದ ಜಾಗದಲ್ಲಿ ಸೊನ್ನೆ ಅಂಕಿ ಒತ್ತಿದವರೂ ಇದ್ದಾರೆ. ಅಚ್ಚಿನಲ್ಲಿ ಗೊತ್ತೇ ಆಗುತ್ತಿರಲಿಲ್ಲ. ಅದನ್ನು ಯಾವ ಪರಿವರ್ತಕ ತಾನೇ ಹಿಡಿದೀತು?

ಗಣಿತದ ಮೇಷ್ಟ್ರುಗಳಿಗೆ ಬೇರೆಯದೇ ತಲೆನೋವು. ಹಳೆ ಪ್ರಶ್ನೆಪತ್ರಿಕೆಗಳಲ್ಲಿ ಭಿನ್ನರಾಶಿ, ವರ್ಗಮೂಲ ಎಲ್ಲ ವರ್ಡ್ ಜೊತೆ ಬರುತ್ತಿದ್ದ ಈಕ್ವೇಷನ್ ಎಡಿಟರ್ 3ರಲ್ಲಿ ಮಾಡಿದ್ದು. ಭದ್ರತೆಯ ತೊಂದರೆ ಇದೆ ಅಂತ ಮೈಕ್ರೋಸಾಫ್ಟ್ 2018ರ ಜನವರಿ ಅಪ್‌ಡೇಟ್‌ನಲ್ಲಿ ಅದನ್ನೇ ತೆಗೆದುಹಾಕಿತು. ಲೆಕ್ಕ ಕಾಣುತ್ತದೆ, ಆದರೆ ಆ ಎಡಿಟರಿನಲ್ಲಿ ತಿದ್ದಲು ಆಗುವುದಿಲ್ಲ. ಲಿಬ್ರೆ ಆಫೀಸ್‌ನಲ್ಲಿ ತೆರೆದರೆ ಅದರದೇ ಗಣಿತದ ರೂಪಕ್ಕೆ ಬದಲಾಗುತ್ತದೆ, ತಿದ್ದಬಹುದು. ಒಮ್ಮೆ ನೋಡಿ.

ಇಷ್ಟೆಲ್ಲ ಹೇಳಿದ್ದು ಒಂದು ಕಾರಣಕ್ಕೆ. ಇದನ್ನು ಈಗಲೇ ಮಾಡಬೇಕು. ತಂತ್ರಾಂಶ ಸಿಗುವುದಿಲ್ಲ ಅಂತಲ್ಲ. ತಿದ್ದುವವರು ಬೇಕು. ‘ಕಾಯರ್ಕ್ರಮ’ವನ್ನು ಯಾರು ಬೇಕಾದರೂ ಸರಿಮಾಡುತ್ತಾರೆ. ಒಂದು ಊರಿನ ಹೆಸರು, ಹಳೆಯ ಒಂದು ಕೃಷಿ ಪದ, ಒಂದು ಅಡ್ಡಹೆಸರು ತಪ್ಪಾದರೆ ಅದು ತಪ್ಪು ಅಂತ ಹೇಳಬಲ್ಲವರು ಬರೆದವರು, ಅವರ ಜೊತೆಗಿದ್ದವರು. ಅವರಿಗೆಲ್ಲ ವಯಸ್ಸಾಗುತ್ತಿದೆ. ಮೂಲ ಫೈಲನ್ನು ಮಾತ್ರ ಅಳಿಸಬೇಡಿ. ಹಾಗೇ ಇಟ್ಟುಕೊಳ್ಳಿ. ಸರಿಯಾದ ಫಾಂಟ್ ಹಾಕಿ ಒಂದು ಪಿಡಿಎಫ್ ಮಾಡಿ ಪಕ್ಕದಲ್ಲಿಡಿ. ಮುಂದೆ ಜಗಳ ಬಂದರೆ ಅದೇ ಸಾಕ್ಷಿ.

ಪುಸ್ತಕ ಪ್ರಕಟಿಸಿದವರಿಗೆ ಇನ್ನೊಂದು ಮಾತು. ನಿಮ್ಮ ಹತ್ತಿರ ಇರುವ ವರ್ಡ್ ಫೈಲು ಬಹುಶಃ ಕೊನೆಯ ಪ್ರತಿ ಅಲ್ಲ. ಕರಡು ತಿದ್ದಿದ್ದು ಪೇಜ್‌ಮೇಕರ್‌ನಲ್ಲಿ. ಮೂರು ಸಲ ಪ್ರೂಫ್ ನೋಡಿ, ಕೆಂಪು ಇಂಕಿನಲ್ಲಿ ಗುರುತು ಹಾಕಿ, ಡಿಟಿಪಿ ಹುಡುಗನ ಪಕ್ಕ ಕೂತು ಮಾಡಿಸಿದ ತಿದ್ದುಪಡಿ ಎಲ್ಲ ಪೇಜ್‌ಮೇಕರಿನ ಪಿಎಂಡಿ ಫೈಲಿನಲ್ಲಿದೆ. ವರ್ಡ್ ಫೈಲನ್ನು ಯುನಿಕೋಡ್ ಮಾಡಿ ಎರಡನೇ ಮುದ್ರಣಕ್ಕೆ ಕೊಟ್ಟರೆ ಮೊದಲ ಕರಡಿನ ತಪ್ಪೆಲ್ಲ ವಾಪಸ್ ಬರುತ್ತದೆ. ಪೇಜ್‌ಮೇಕರ್ ಅನ್ನು ಅಡೋಬಿ 2001ರ 7ನೇ ಆವೃತ್ತಿಯ ನಂತರ ಮುಂದುವರಿಸಲಿಲ್ಲ. ಅದರ ಫೈಲನ್ನು ನೇರವಾಗಿ ತೆರೆಯುತ್ತಿದ್ದ, ಅಡೋಬಿಯದೇ ಹೊಸ ಪುಟ ವಿನ್ಯಾಸ ತಂತ್ರಾಂಶದ ಕೊನೆಯ ಆವೃತ್ತಿ ಇನ್‌ಡಿಸೈನ್ ಸಿಎಸ್6. ಆಮೇಲಿನ ಸಿಸಿ ಆವೃತ್ತಿಗಳು ತೆರೆಯುವುದಿಲ್ಲ. ಲಿಬ್ರೆ ಆಫೀಸ್ ತೆರೆಯಲು ಪ್ರಯತ್ನಿಸುತ್ತದೆ, ಕನ್ನಡ ಪುಟಗಳ ವಿಷಯದಲ್ಲಿ ನನಗೆ ಅದರ ಮೇಲೆ ಪೂರ್ತಿ ಭರವಸೆ ಇಲ್ಲ. ಅದರ ಮೇಲೆ ಫಾಂಟ್ ಯಾವುದು ಅನ್ನುವ ಪ್ರಶ್ನೆ ಬೇರೆ. ಶ್ರೀಲಿಪಿ ಅನ್ನುವ ಇನ್ನೊಂದು ತಂತ್ರಾಂಶದಲ್ಲಿ ಮಾಡಿದ್ದಾದರೆ ನುಡಿಯ ಪರಿವರ್ತಕ ನಡೆಯುವುದಿಲ್ಲ, ಅದರ ಜೋಡಣೆಯೇ ಬೇರೆ.

ಪೇಜ್‌ಮೇಕರ್ 7 ಇರುವ ಹಳೆ ಕಂಪ್ಯೂಟರು, ಹಳೆ ಫಾಂಟುಗಳ ಸಮೇತ, ಇನ್ನೂ ಓಡುತ್ತಿರುವ ಡಿಟಿಪಿ ಅಂಗಡಿ ನಿಮ್ಮ ಊರಿನಲ್ಲಿದ್ದರೆ ಕಾಮೆಂಟಿನಲ್ಲಿ ಊರಿನ ಹೆಸರು ಹಾಕಿ. ಪಿಎಂಡಿ ಫೈಲು ಹಿಡಿದುಕೊಂಡು ಅಲೆಯುವವರು ನನಗೆ ಬೇಕಾದಷ್ಟು ಜನ ಗೊತ್ತು, ಕಳಿಸುತ್ತೇನೆ. ಅಂಗಡಿಯವರು ಆ ಕಂಪ್ಯೂಟರನ್ನು ಗುಜರಿಗೆ ಹಾಕುವ ಯೋಚನೆಯಲ್ಲಿದ್ದರೆ, ದಯವಿಟ್ಟು ಸ್ವಲ್ಪ ದಿನ ತಡೆಯಲು ಹೇಳಿ.