ಸಿಟಿ ಸ್ಕ್ಯಾನ್ ಕ್ಲಿಯರ್ ಅಂದ್ರೆ ಏನರ್ಥ?

"ಸಿಟಿ ಸ್ಕ್ಯಾನ್ ಕ್ಲಿಯರ್ ಇತ್ತಂತೆ, ಆಪರೇಷನ್‌ಗೆ ಹೊಟ್ಟೆ ಓಪನ್ ಮಾಡಿದ್ರೆ ಒಳಗೆಲ್ಲ ಕ್ಯಾನ್ಸರ್ ಹರಡಿತ್ತಂತೆ, ಹಾಗೇ ಹೊಲಿಗೆ ಹಾಕಿ ಕಳಿಸಿದ್ರಂತೆ." ಈ ಮಾತು ಕೇಳಿದ ಕೂಡಲೇ ಎಲ್ಲರೂ ಸ್ಕ್ಯಾನ್ ಓದಿದವರನ್ನೇ ಬೈಯುತ್ತಾರೆ. ನಾನೂ ಬೈದಿದ್ದೆ. ಈಗ ಬೈಯಲ್ಲ.

ಹೊಟ್ಟೆಯ ಒಳಗೋಡೆ, ಕರುಳು ಎಲ್ಲದರ ಮೇಲೂ ಪೆರಿಟೋನಿಯಂ ಅನ್ನೋ ತೆಳುವಾದ ಪೊರೆ ಇರುತ್ತದೆ. ಜಠರ, ಅಂಡಾಶಯ, ದೊಡ್ಡ ಕರುಳಿನ ಕ್ಯಾನ್ಸರ್ ಎಷ್ಟೋ ಸಲ ಹರಡುವುದು ಇದರ ಮೇಲೆಯೇ, ಮರಳು ಚೆಲ್ಲಿದ ಹಾಗೆ. 5 ಮಿಲಿಮೀಟರ್‌ಗಿಂತ ಚಿಕ್ಕ ಗಂಟುಗಳು ಸಿಟಿಯಲ್ಲಿ ಸುಲಭವಾಗಿ ತಪ್ಪಿಹೋಗುತ್ತವೆ. ಕರುಳಿನ ಮಡಿಕೆಗಳ ನಡುವೆ ಇದ್ದರಂತೂ ಇನ್ನೂ ಕಷ್ಟ, ಯಾಕೆಂದರೆ ಕರುಳೂ ಬೂದು, ಗಂಟೂ ಬೂದು. ತಮಾಷೆ ಅಂದ್ರೆ, ಹೊಟ್ಟೆಯೊಳಗೆ ಸ್ವಲ್ಪ ಕೊಬ್ಬಿದ್ದರೆ ಚಿತ್ರ ಓದೋದು ಸುಲಭ. ಕೊಬ್ಬು ಕಪ್ಪಗೆ ಕಾಣುತ್ತದೆ, ಅಂಗಗಳು ಬಿಡಿಬಿಡಿಯಾಗಿ ಎದ್ದು ಕಾಣುತ್ತವೆ. ತೀರಾ ಸಣಕಲು ಇದ್ದವರಲ್ಲಿ ಎಲ್ಲ ಒಂದಕ್ಕೊಂದು ಅಂಟಿದ ಹಾಗಿರುತ್ತದೆ.

ಲಿವರ್ ವಿಷಯದಲ್ಲಿ ಸಿಟಿ ಜಾಸ್ತಿ ಗಟ್ಟಿ. ಕಾಂಟ್ರಾಸ್ಟ್ (ಸ್ಕ್ಯಾನ್‌ನಲ್ಲಿ ಬೆಳ್ಳಗೆ ಕಾಣುವ ಔಷಧ) ಚುಚ್ಚಿ ಸುಮಾರು 70 ಸೆಕೆಂಡಿಗೆ ಚಿತ್ರ ತೆಗೆದರೆ ಒಳ್ಳೆಯ ಲಿವರ್ ಬೆಳ್ಳಗೆ ಹೊಳೆಯುತ್ತದೆ, ಹರಡಿದ ಗಡ್ಡೆ ಸಾಮಾನ್ಯವಾಗಿ ಅಲ್ಲಿ ಕಪ್ಪು ಮಚ್ಚೆಯಾಗಿ ಕಾಣುತ್ತದೆ. ಪೊರೆಯ ಮೇಲಿನದ್ದಕ್ಕೆ ಈ ಅನುಕೂಲ ಇಲ್ಲ. ಅದಕ್ಕೇ ಸ್ಕ್ಯಾನ್ ಓದುವ ಡಾಕ್ಟರು, ಅಂದ್ರೆ ರೇಡಿಯಾಲಜಿಸ್ಟ್, ಸುತ್ತಮುತ್ತಲಿನ ಸುಳಿವು ಹುಡುಕುತ್ತಾರೆ. ಎಲ್ಲಾದರೂ ನೀರು ತುಂಬಿದೆಯಾ, ಕರುಳಿನ ಮುಂದೆ ಇಳಿಬಿದ್ದಿರುವ ಕೊಬ್ಬಿನ ಪರದೆ ದಪ್ಪ ಆಗಿದೆಯಾ ಅಂತ.

ಹರಡಿದ್ದು ಎಷ್ಟು ಅಂತ ಅಳೆಯೋಕೆ ಸರ್ಜನ್‌ಗಳು ಹೊಟ್ಟೆಯನ್ನು 13 ಭಾಗ ಮಾಡಿ, ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ ಕೊಡುತ್ತಾರೆ. ಒಟ್ಟು ಹೆಚ್ಚೆಂದರೆ 39. ಸಿಟಿ ನೋಡಿ ಹಾಕಿದ ಅಂಕಕ್ಕಿಂತ ಹೊಟ್ಟೆ ತೆರೆದು ಹಾಕಿದ ಅಂಕ ಎಷ್ಟೋ ಸಲ ಹೆಚ್ಚೇ ಇರುತ್ತದೆ. ಹಾಗಾಗಿ ಕೆಲವರಿಗೆ ದೊಡ್ಡ ಆಪರೇಷನ್‌ಗೆ ಮೊದಲು ಲ್ಯಾಪರೋಸ್ಕೋಪಿ ಮಾಡಿ, ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ ನೋಡುತ್ತಾರೆ. "ಸ್ಕ್ಯಾನ್‌ನಲ್ಲಿ ಏನೂ ಇಲ್ವಲ್ಲ, ಮತ್ತೆ ಇದ್ಯಾಕೆ, ದುಡ್ಡು ಮಾಡೋಕಾ?" ಅಂತ ಮನೆಯವರು ಜಗಳ ಆಡೋದು ಇಲ್ಲೇ.

ನನ್ನ ಸಿಟ್ಟು ಇರೋದು ಯಂತ್ರದ ಮೇಲಲ್ಲ. "ಕಾಣಿಸಲಿಲ್ಲ" ಅಂತ ರಿಪೋರ್ಟ್ ಹೇಳಿದರೆ, ಆಸ್ಪತ್ರೆಯವರು "ಇಲ್ಲ" ಅಂತ ನಮಗೆ ದಾಟಿಸುತ್ತಾರಲ್ಲ, ಅದರ ಮೇಲೆ. ಆ ಒಂದು ಪದದ ವ್ಯತ್ಯಾಸವನ್ನು ಆಪರೇಷನ್‌ಗೆ ಮೊದಲೇ ಕೂರಿಸಿಕೊಂಡು ಹೇಳೋಕೆ ಎರಡು ನಿಮಿಷ ಸಾಕು ಅಲ್ವಾ?

ಇನ್ನೊಂದು, ಎರಡನೇ ಡಾಕ್ಟರ ಹತ್ತಿರ ಹೋಗುವಾಗ ಸುಮ್ನೆ ರಿಪೋರ್ಟ್ ಹಾಳೆ ಒಂದನ್ನೇ ಹಿಡಿದುಕೊಂಡು ಹೋಗಬೇಡಿ. ಸ್ಕ್ಯಾನ್ ಚಿತ್ರಗಳಿರುವ ಸಿಡಿ ತಗೊಂಡು ಹೋಗಿ, ಹಳೇ ಸ್ಕ್ಯಾನ್‌ದೂ. ಈಗ ಅನುಮಾನ ಬಂದ ಜಾಗ ಆರು ತಿಂಗಳ ಹಿಂದೆ ಹೇಗಿತ್ತು ಅಂತ ಪಕ್ಕಪಕ್ಕ ಇಟ್ಟು ನೋಡಬೇಕಾದ್ದು ಅವರು.