ಇನ್‌ಸ್ಕ್ರಿಪ್ಟ್ ಕಲಿಯುವವರು ಮಧ್ಯದ ಸಾಲಿನಿಂದ ಶುರುಮಾಡಿ
ಕನ್ನಡ ಟೈಪಿಂಗನ್ನು ಭಾನುವಾರ ಮೂರು ಗಂಟೆ ಕೂತು ಕಲಿಯಿರಿ ಎಂದಿದ್ದೀರಿ. ಬೆರಳಿಗೆ ಅದು ಹತ್ತುವುದಿಲ್ಲ ಸಾರ್, ದಿನಾ 20 ನಿಮಿಷವೇ ಮೇಲು. ಇನ್‌ಸ್ಕ್ರಿಪ್ಟ್‌ನಲ್ಲಿ, ಅಂದರೆ ಭಾರತೀಯ ಭಾಷೆಗಳಿಗೆಂದೇ ಮಾಡಿದ ಕೀಲಿಮಣೆ ವಿನ್ಯಾಸದಲ್ಲಿ, ಸ್ವರಚಿಹ್ನೆಗಳು ಹೆಚ್ಚುಕಡಿಮೆ ಎಲ್ಲ ಎಡಗೈಗೆ, ಹೆಚ್ಚಿನ ವ್ಯಂಜನಗಳು ಬಲಗೈಗೆ. ಮೊದಲ ವಾರ ಮಧ್ಯದ ಸಾಲಷ್ಟೇ ಸಾಕು: ಪ, ರ, ಕ, ತ, ಚ, ಟ. ತುಟಿ, ಪುಟ, ಕಿರುಚು, ತುರುಕು ಎಲ್ಲ ಈ ಸಾಲಿನ ಕೀಲಿಗಳಲ್ಲೇ ಬರುತ್ತವೆ. ಶಿಫ್ಟ್ ಹಿಡಿದರೆ ಕ ಇದ್ದಲ್ಲೇ ಖ.

ಎಲ್ಲರೂ ಎಡವುವುದು ಒತ್ತಕ್ಷರದಲ್ಲಿ. ‘ಕತ್ತು’ ಬೇಕಾದರೆ ಕ, ತ, ಹಲಂತ (ಅಕ್ಷರದ ಅಕಾರ ತೆಗೆಯುವ ‘್’ ಚಿಹ್ನೆ), ತ, ಉಕಾರ. ‘ತರ್ಕ’ದಲ್ಲಿ ಅರ್ಕಾವತ್ತು ಕಣ್ಣಿಗೆ ಕೊನೆಯಲ್ಲಿ ಕಂಡರೂ ಒತ್ತಬೇಕಾದ್ದು ರ, ಹಲಂತ, ಕ. ಕೈಯಲ್ಲಿ ಬರೆಯುವ ಕ್ರಮದಲ್ಲೇ ಒತ್ತಿದರೆ ‘ತಕ್ರ’, ಅಂದರೆ ಮಜ್ಜಿಗೆ! ಕೀಲಿಗಳಿಗೆ ಸ್ಟಿಕರ್ ಮಾತ್ರ ಬೇಡ, ಕಣ್ಣು ಕೆಳಗೇ ಉಳಿದುಬಿಡುತ್ತದೆ. ವಿನ್ಯಾಸದ ಚಿತ್ರವನ್ನು ಪರದೆಯ ಪಕ್ಕಕ್ಕೆ ಅಂಟಿಸಿಕೊಳ್ಳಿ.