ಬಾಲಿಗೆ ಅರ್ಧ ಕೋಟಿ, ವೈಡ್ ಮಾತ್ರ ಪುಕ್ಕಟೆ

ಭಾನುವಾರ ಮಧ್ಯಾಹ್ನ. ಬಂಗುಡೆ ಗಸಿ, ಕುಚ್ಚಲಕ್ಕಿ ಅನ್ನದ ಊಟ ಮುಗಿದಿತ್ತು. ಲುಂಗಿ ಸರಿ ಮಾಡಿಕೊಂಡು, ತಲೆದಿಂಬನ್ನು ಗೋಡೆಗೆ ಆನಿಸಿ, ರಿಮೋಟು ಒತ್ತಿದೆ. ಮ್ಯಾಚು ಶುರುವಾಗಲು ಐದು ನಿಮಿಷ. ಪರದೆಯೆಲ್ಲ ನೀಲಿ. ನೀಲಿಯ ನಡುವೆ ಒಂದೇ ಸಾಲು: ಈ ಚಾನೆಲ್ ನಿಮ್ಮ ಪ್ಯಾಕ್‌ನಲ್ಲಿ ಇಲ್ಲ. ಕೆಳಗೆ ಮಿಸ್ಡ್ ಕಾಲ್ ಕೊಡಲು ಒಂದು ನಂಬರು. ಪಕ್ಕದಲ್ಲಿ ಸೋಫಾದ ಮೇಲೆ ಕೂತು ಹಲ್ಲು ಕಿರಿಯುತ್ತಿರುವ ಗಂಡ, ಹೆಂಡತಿ, ಎರಡು ಮಕ್ಕಳ ಫೋಟೋ. ಅವರ ಪ್ಯಾಕ್‌ನಲ್ಲಿ ಇದೆ ಅಂತ ಕಾಣುತ್ತದೆ.

ಹೋದ ತಿಂಗಳು ಇದೇ ಪ್ಯಾಕ್‌ನಲ್ಲಿ ಇದೇ ತಂಡದ ಆಟ ನೋಡಿದ್ದೆ. ಆಟಗಾರರು ಅವರೇ, ಜೆರ್ಸಿ ಅದೇ, ಔಟಾಗುವ ರೀತಿಯೂ ಅದೇ. ಬದಲಾಗಿದ್ದು ಸರಣಿ ಒಂದೇ. ನಿಮಗೆ ಗೊತ್ತೇ ಇದೆ, ಈಗ ಭಾರತ ತಂಡ ಅಂತ ಒಂದು ಇಲ್ಲ. ಇಂಗ್ಲೆಂಡಿಗೆ ಹೋಗುವ ಭಾರತ ಸೋನಿ ಚಾನೆಲ್‌ನದ್ದು, ಆಸ್ಟ್ರೇಲಿಯಕ್ಕೆ ಹೋಗುವ ಭಾರತ ಸ್ಟಾರ್ ಚಾನೆಲ್‌ನದ್ದು. ಏಷ್ಯಾ ಕಪ್ ಆಡುವವರು ಸೋನಿಯ ಹುಡುಗರು, ವಿಶ್ವಕಪ್ ಆಡುವವರು ಸ್ಟಾರ್‌ನ ಹುಡುಗರು. ಪಾಲಾದ ಮನೆಯ ಅಜ್ಜಿಯ ಹಾಗೆ. ಆರು ತಿಂಗಳು ದೊಡ್ಡ ಮಗನ ಮನೆ, ಆರು ತಿಂಗಳು ಚಿಕ್ಕವನ ಮನೆ. ನೋಡಲು ಹೋಗುವ ನಾವು ಎರಡೂ ಮನೆಗೆ ಬಾಳೆಹಣ್ಣು ಒಯ್ಯಬೇಕು.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಹಿಂದಿಗೆ ಒಂದು, ಮರಾಠಿಗೆ ಎರಡು, ಇಂಗ್ಲಿಷಿಗೆ ಮೂರು ಒತ್ತಬೇಕಂತೆ. ಕನ್ನಡ ಇಲ್ಲ, ಯಾಕೆಂದರೆ ನಾನು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿದ್ದೇನೆ. ಒಂದು ಒತ್ತಿದೆ. ಹದಿಮೂರು ನಿಮಿಷ ಸಂಗೀತ ಕೇಳಿದೆ. ಆಮೇಲೆ ಒಬ್ಬ ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿದಳು.

"ಸರ್, ನಿಮ್ಮ ಪ್ಯಾಕ್‌ನಲ್ಲಿ 212 ಚಾನೆಲ್ ಇವೆ."

"ಅದರಲ್ಲಿ ಮ್ಯಾಚು ಎಷ್ಟರಲ್ಲಿ ಬರ್ತದೆ?"

"ಈ ಮ್ಯಾಚ್ ಬರೋದಿಲ್ಲ ಸರ್. ಬೇರೆ ಸ್ಪೋರ್ಟ್ಸ್ ಇದೆ."

ಬೇರೆ ಸ್ಪೋರ್ಟ್ಸ್ ನೋಡಿದೆ. ಎಣ್ಣೆ ಹಚ್ಚಿಕೊಂಡ ಇಬ್ಬರು ಪೈಲ್ವಾನರು ಕುರ್ಚಿಯಲ್ಲಿ ಹೊಡೆದುಕೊಳ್ಳುತ್ತಿದ್ದರು. ಉಳಿದ ಚಾನೆಲ್‌ಗಳನ್ನೂ ಒಂದು ಸುತ್ತು ಹಾಕಿ ಬಂದೆ. ಭಜನೆಯವು ಹನ್ನೊಂದು. ನಾನ್‌ಸ್ಟಿಕ್ ತವಾ ಮಾರುವವು ನಾಲ್ಕು. ಒಂದರಲ್ಲಿ ಬೋಳುತಲೆಯ ಮೇಲೆ ಎಣ್ಣೆ ಸುರಿಯುತ್ತಿದ್ದರು, ಕೂದಲು ಬರುವ ತನಕ ಸುರಿಯುತ್ತಾರೋ ಏನೋ. ಮೂರು ಚಾನೆಲ್‌ಗಳಲ್ಲಿ ಒಂದೇ ಸಿನಿಮಾ, ಬೇರೆ ಬೇರೆ ಜಾಗದಲ್ಲಿ. ಇವೆಲ್ಲ ನಾನು ಕೇಳಿದ್ದಲ್ಲ, ಆದರೆ ಹುಡುಗಿಯ ಪ್ರಕಾರ ಆರಿಸಿದ್ದು ನಾನೇ.

ಈ ಆರಿಸುವ ಭಾಗ್ಯ ನಮಗೆ ಸಿಕ್ಕಿದ್ದು 2019ರ ಫೆಬ್ರವರಿಯಲ್ಲಿ. ನೋಡಿದ ಚಾನೆಲ್‌ಗೆ ಮಾತ್ರ ದುಡ್ಡು ಕೊಡಿ ಅಂತ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಹೇಳಿತು. ಎಂಥ ಒಳ್ಳೆಯ ಮಾತು! ನಾನು ಅವತ್ತು ಪೆನ್ನು, ಹಾಳೆ ಹಿಡಿದು ಕೂತಿದ್ದೆ. ಮೊದಲು 130 ರೂಪಾಯಿ, ಅದು ಬರೀ ಬಾಗಿಲು ತೆರೆಯಲು. ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. ಆಮೇಲೆ ಬೇಕಾದ ಚಾನೆಲ್‌ಗಳು. 19 ರೂಪಾಯಿಗಿಂತ ಜಾಸ್ತಿ ಬೆಲೆಯ ಚಾನೆಲ್ಲನ್ನು ಹಲವು ಚಾನೆಲ್ ಕಟ್ಟಿದ ಗಂಟಿಗೆ ಸೇರಿಸುವ ಹಾಗಿಲ್ಲ ಅಂತ ನಿಯಮ. ಸರಿ, ದೊಡ್ಡ ದೊಡ್ಡ ಕ್ರೀಡಾ ಚಾನೆಲ್‌ಗಳಲ್ಲಿ ಹಲವು ಸರಿಯಾಗಿ 19 ರೂಪಾಯಿಗೇ ಬಂದು ನಿಂತವು. ಒಂದು ಪೈಸೆ ಹೆಚ್ಚಿಲ್ಲ, ಕಡಿಮೆಯೂ ಇಲ್ಲ. ಅದೆಂಥ ಒಗ್ಗಟ್ಟು! ನಮ್ಮ ಹೌಸಿಂಗ್ ಸೊಸೈಟಿಯ ಮೀಟಿಂಗಿನಲ್ಲಿ ನೀರಿನ ಟ್ಯಾಂಕಿ ತೊಳೆಸುವ ವಿಷಯಕ್ಕೂ ಇಷ್ಟು ಒಗ್ಗಟ್ಟು ನಾನು ಕಂಡಿಲ್ಲ.

ಬಿಡಿಯಾಗಿ ಮೂರು ಚಾನೆಲ್ ತಗೊಂಡರೆ 57 ರೂಪಾಯಿ. ಅದೇ ಮೂರರ ಜೊತೆಗೆ ಇನ್ನೂ ಹತ್ತು ಕಟ್ಟಿದ ಗಂಟು ತಗೊಂಡರೆ ಅದಕ್ಕಿಂತ ಕಡಿಮೆ. ನೀವೇನು ಮಾಡುತ್ತೀರಿ? ಗಂಟೇ ತಗೊಳ್ಳುತ್ತೀರಿ. ನಾನೂ ತಗೊಂಡೆ. ಆಮೇಲೆ ಆ 19ನ್ನು 12 ಮಾಡಿದರು, ಕಂಪನಿಗಳು ಕೋರ್ಟಿಗೆ ಹೋದವು, 2022ರ ಕೊನೆಗೆ ತಿರುಗಿ 19 ಆಯಿತು. 2024ರಲ್ಲಿ ಆ 130 ರೂಪಾಯಿಯ ಮಿತಿಯನ್ನೂ ತೆಗೆದರು. ನನ್ನ ಹಾಳೆ ಇನ್ನೂ ಇದೆ. ಎಷ್ಟು ಸಲ ಹೊಡೆದು ಬರೆದಿದ್ದೇನೆ ಅಂದರೆ ಈಗ ಅದು ಡಾಕ್ಟರ ಚೀಟಿಯ ಹಾಗೆ ಕಾಣುತ್ತದೆ.

ಕನ್ನಡ ಕಾಮೆಂಟರಿ ಬೇಕಾದರೆ ಅದು ಬೇರೆ. ಅದು "ಪ್ರಾದೇಶಿಕ". ನಾನು ಮಹಾರಾಷ್ಟ್ರದ ಪ್ಯಾಕ್‌ನವನು, ನನ್ನ ಕಿವಿಯೂ ಮಹಾರಾಷ್ಟ್ರದ್ದೇ ಇರಬೇಕು ಅಂತ ಲೆಕ್ಕ. ಮೂವತ್ತೆರಡು ವರ್ಷ ಈ ಊರಲ್ಲಿ ಕಳೆದರೂ "ಹೊಡೆದ ನೋಡಿ" ಅಂದಾಗ ಆಗುವ ಖುಷಿ ಬೇರೆ ಭಾಷೆಯಲ್ಲಿ ಆಗುವುದಿಲ್ಲ, ಏನು ಮಾಡುವುದು.

ದುಡ್ಡಿನ ವಿಷಯಕ್ಕೆ ಬರೋಣ. 2022ರ ಜೂನ್‌ನಲ್ಲಿ ಐಪಿಎಲ್‌ನ ಐದು ವರ್ಷದ ಪ್ರಸಾರದ ಹಕ್ಕು 48,390 ಕೋಟಿಗೆ ಹೋಯಿತು. ಟೀವಿ ಒಬ್ಬರಿಗೆ, ಮೊಬೈಲು ಇನ್ನೊಬ್ಬರಿಗೆ. ಹರಾಜಿನ ಲೆಕ್ಕದಲ್ಲಿ 410 ಪಂದ್ಯ. ಒಂದು ಪಂದ್ಯಕ್ಕೆ 118 ಕೋಟಿ. 240 ಬಾಲಿಗೆ ಭಾಗಿಸಿದರೆ ಬಾಲಿಗೆ 49 ಲಕ್ಷ. ಡೊಂಬಿವಲಿಯಲ್ಲಿ ಒಂದು ಬಾಲಿಗೆ ಒಂದು ಬೆಡ್‌ರೂಮಿನ ಹಳೇ ಫ್ಲ್ಯಾಟು ಬರುತ್ತದೆ. ಬ್ಯಾಟ್ಸ್‌ಮನ್ ಒಂದು ಬಾಲನ್ನು ಸುಮ್ನೆ ಕೀಪರಿಗೆ ಬಿಟ್ಟಾಗ ನನ್ನ ಎದೆ ಧಸಕ್ ಅನ್ನುತ್ತದೆ. ವೈಡ್ ಮಾತ್ರ ಲೆಕ್ಕಕ್ಕಿಲ್ಲ. ಇಡೀ ಆಟದಲ್ಲಿ ಪುಕ್ಕಟೆ ಸಿಗುವುದು ಅದೊಂದೇ.

ಟೀವಿಯವರೂ ಮೊಬೈಲಿನವರೂ ಪೈಪೋಟಿಗೆ ಬಿದ್ದ ದಿನಗಳು ನಮಗೆ ಹಬ್ಬವಾಗಿದ್ದವು, ಸುಳ್ಳು ಹೇಳಬಾರದು. 2023ರ ಐಪಿಎಲ್ ಮೊಬೈಲಿನಲ್ಲಿ ಪೂರ್ತಿ ಪುಕ್ಕಟೆ. ಲೋಕಲ್ ಟ್ರೇನಿನಲ್ಲಿ ನಿಂತವನ ಕಂಕುಳ ಕೆಳಗಿಂದ ಇನ್ನೊಬ್ಬ ನೋಡುತ್ತಿದ್ದ. ಇಬ್ಬರು ಶ್ರೀಮಂತರು ಜಿದ್ದಿಗೆ ಬಿದ್ದು ಅನ್ನಸಂತರ್ಪಣೆ ಮಾಡಿದ ಹಾಗೆ. ಆಮೇಲೆ? 2024ರ ನವೆಂಬರಿನಲ್ಲಿ ಇಬ್ಬರೂ ಒಂದಾದರು. ಎರಡೂ ಆ್ಯಪ್ ಸೇರಿ ಜಿಯೋಹಾಟ್‌ಸ್ಟಾರ್ ಅಂತ ಆಗಿದ್ದು 2025ರ ಫೆಬ್ರವರಿ 14ಕ್ಕೆ. ದಿನ ನೋಡಿಕೊಂಡೇ ಮಾಡಿದ್ದಾರೆ. ಮದುವೆ ಆಯಿತು, ಅನ್ನಸಂತರ್ಪಣೆ ನಿಂತಿತು, ಊಟಕ್ಕೆ ಕೂಪನ್ ಬಂತು.

ನಮ್ಮ ಸ್ಟೇಷನ್ ಹತ್ತಿರದ ಶೆಟ್ಟರ ಹೋಟೆಲಿನ ಕಥೆ ಹೇಳಬೇಕು. ಗಲ್ಲೆಯ ಮೇಲೆ, ಗಣಪತಿ ಫೋಟೋದ ಪಕ್ಕ, ಗೋಡೆಗೆ ಒಂದು ಟೀವಿ ಇತ್ತು. ಮ್ಯಾಚಿನ ದಿನ ಹೋಟೆಲು ತುಂಬುತ್ತಿತ್ತು, ಗಲ್ಲೆ ತುಂಬುತ್ತಿರಲಿಲ್ಲ. ನಾಲ್ಕು ಜನ ಒಂದು ಟೇಬಲ್ಲಿಗೆ ಕೂತು, ಎರಡು ಕಟಿಂಗ್ ಚಾ ಹೇಳಿ, ಪವರ್‌ಪ್ಲೇ ಮುಗಿಯುವ ತನಕ ಲೋಟ ನೆಕ್ಕುತ್ತಿದ್ದರು. ಮಸಾಲೆ ದೋಸೆಗೆ ಬಂದವರು ಬಾಗಿಲಲ್ಲಿ ನಿಂತು ಹಿಂದೆ ಹೋಗುತ್ತಿದ್ದರು. ಒಂದು ಓವರಿಗೆ ನಾಲ್ಕು ನಿಮಿಷ ಅಂದರೆ ಎಷ್ಟು ಪ್ಲೇಟು ಇಡ್ಲಿ ನಷ್ಟ ಅಂತ ಶೆಟ್ರು ಬಾಯಲ್ಲೇ ಲೆಕ್ಕ ಹೇಳುತ್ತಿದ್ದರು. ಆಮೇಲೆ ಒಂದು ದಿನ ಯಾರೋ ಬಂದು, ಮನೆಯ ಕನೆಕ್ಷನ್ ಹೋಟೆಲಿನಲ್ಲಿ ಹಾಕುವ ಹಾಗಿಲ್ಲ, ವ್ಯಾಪಾರದ ಜಾಗಕ್ಕೆ ರೇಟು ಬೇರೆ ಅಂದರು. ಶೆಟ್ರು ಒಂದು ಮಾತೂ ಆಡಲಿಲ್ಲ. ಸ್ಟೂಲು ಹತ್ತಿ ಟೀವಿ ಇಳಿಸಿದರು. ಈಗ ಅಲ್ಲಿ ನಾಲ್ಕು ಮೊಳೆ ಮತ್ತು ಚೌಕದ ಬಿಳಿ ಗುರುತು ಇದೆ. ಮ್ಯಾಚಿನ ದಿನ ಹಳೇ ಗಿರಾಕಿಗಳು ಬಂದು ಆ ಗುರುತನ್ನೇ ನೋಡಿ ಚಾ ಕುಡಿದು ಹೋಗುತ್ತಾರೆ.

"ನಾನೂ ಪ್ಯಾಕ್ ಮಾಡ್ತೇನೆ ಮಾರಾಯ್ರೇ" ಅಂದರು ಮೊನ್ನೆ. "ಇಡ್ಲಿ ಬೇಕಾದ್ರೆ ಒಳಗೆ ಬಂದದ್ದಕ್ಕೆ 130. ಚಟ್ನಿ ಬೇರೆ. ಸಾಂಬಾರು ಪಕ್ಕದ ಹೋಟೆಲಿನಲ್ಲಿ."

ಇನ್ನು ನಮ್ಮ ಬಿಲ್ಡಿಂಗಿನ ವಿಷಯ. ಎರಡನೇ ಮಹಡಿಯಲ್ಲಿ ಕೇಬಲ್. ನಮ್ಮ ಮೂರನೆಯದರಲ್ಲಿ ಡಿಶ್. ನಾಲ್ಕರಲ್ಲಿ ಐಟಿ ಹುಡುಗ, ಅವನದು ಆ್ಯಪ್. ಸಿಕ್ಸರ್ ಬಿದ್ದರೆ ಮೊದಲು ಎರಡನೇ ಮಹಡಿ ಕೂಗುತ್ತದೆ. ಹಿಂದೆಯೇ ನಮ್ಮದು. ಎಲ್ಲ ತಣ್ಣಗಾಗಿ, ಮುಂದಿನ ಬಾಲಿನಲ್ಲಿ ಅದೇ ಬ್ಯಾಟ್ಸ್‌ಮನ್ ಔಟಾಗಿ ತಲೆ ತಗ್ಗಿಸಿ ಹೊರಟಿರುವಾಗ ನಾಲ್ಕನೇ ಮಹಡಿಯಿಂದ ಶಿಳ್ಳೆ ಕೇಳುತ್ತದೆ. ಸತ್ತವನ ಮನೆ ಮುಂದೆ ಬ್ಯಾಂಡು ಬಾರಿಸಿದ ಹಾಗೆ. ಆ ಹುಡುಗನೇ ನಮ್ಮೆಲ್ಲರಿಗಿಂತ ಜಾಸ್ತಿ ದುಡ್ಡು ಕೊಡುವವನು.

ಮೊದಲು ನಾವಿದ್ದ ಚಾಳಿನ ವಠಾರಕ್ಕೆ ಒಬ್ಬ ಕೇಬಲ್‌ವಾಲಾ ಇದ್ದ. 1996ರ ವಿಶ್ವಕಪ್ಪಿನ ಹೊತ್ತಿಗೆ ಅವನು ದೇವರು. ತಿಂಗಳ ಮೊದಲ ವಾರ ಸ್ಕೂಟರಿನಲ್ಲಿ ಬಂದು, "ಅಣ್ಣಾ, ಪೈಸಾ" ಅಂತ ಬಾಗಿಲು ಬಡಿದು, ಹಳದಿ ಕಾರ್ಡಿನಲ್ಲಿ ಸಹಿ ಹಾಕಿ ಹೋಗುತ್ತಿದ್ದ. ಕೊಡದಿದ್ದರೆ ಟೆರೇಸಿಗೆ ಹತ್ತಿ ವೈರು ಕಿತ್ತು ಹಾಕುತ್ತಿದ್ದ. ಮಳೆಗಾಲದಲ್ಲಿ ಚಿತ್ರ ಚುಕ್ಕೆ ಚುಕ್ಕೆ. ಆದರೆ ಬೈದರೆ ಅವನ ಕಿವಿಗೆ ಬೀಳುತ್ತಿತ್ತು. ಈಗ ಯಾರಿಗೆ ಬೈಯುವುದು? ಹುಡುಗಿಗಾ? ಪಾಪ, ಅವಳ ಮನೆಯಲ್ಲೂ ಇದೇ ನೀಲಿ ಪರದೆ ಇರಬಹುದು.

ಬೇಜಾರಾಗಿ ಕಂಪನಿ ಬದಲಿಸಿದ್ದೂ ಉಂಟು, ಎರಡು ಸಲ. ಪ್ರತಿ ಸಲವೂ ಹೊಸ ಡಬ್ಬಿ. ಮೊಬೈಲ್ ನಂಬರು ಇಟ್ಟುಕೊಂಡೇ ಕಂಪನಿ ಬದಲಿಸುವ ಸೌಕರ್ಯ ದೇಶಕ್ಕೆ 2011ರಲ್ಲೇ ಬಂತು. ಸೆಟ್‌ಟಾಪ್ ಬಾಕ್ಸೂ ಹಾಗೇ ಇರಲಿ, ಒಂದೇ ಡಬ್ಬಿಯಲ್ಲಿ ಯಾರ ಕನೆಕ್ಷನ್ನಾದರೂ ನಡೆಯಲಿ ಅಂತ ಟ್ರಾಯ್ 2020ರಲ್ಲಿ ಶಿಫಾರಸು ಮಾಡಿತು. ಆ ಶಿಫಾರಸು ನಮ್ಮ ಮನೆಗೆ ಇನ್ನೂ ತಲುಪಿಲ್ಲ. ಹಳೇ ಡಬ್ಬಿಗಳು ಅಟ್ಟದ ಮೇಲೆ ಕೂತಿದ್ದವು. ಮೊನ್ನೆ ಭಂಗಾರ್‌ವಾಲಾ ಬಂದ. ನಮ್ಮೂರಲ್ಲಿ ಬಂಗಾರ ಅಂದರೆ ಚಿನ್ನ, ಮುಂಬಯಿಯಲ್ಲಿ ಭಂಗಾರ್ ಅಂದರೆ ಗುಜರಿ. ಡಬ್ಬಿ ತರುವಾಗ ಒಂದು ಅರ್ಥ, ಕೊಡುವಾಗ ಇನ್ನೊಂದು. ಅವನು ಒಂದನ್ನು ಕೈಯಲ್ಲಿ ಹಿಡಿದು ಅಲುಗಾಡಿಸಿ, ಒಳಗೆ ಏನೂ ಇಲ್ಲ ಅಣ್ಣಾ, ಬರೀ ಪ್ಲಾಸ್ಟಿಕ್ಕು ಅಂದ. ಎರಡಕ್ಕೂ ಸೇರಿ ಇಪ್ಪತ್ತು ರೂಪಾಯಿ ಕೊಟ್ಟ. 19 ರೂಪಾಯಿಯ ಒಂದು ಕ್ರೀಡಾ ಚಾನೆಲ್‌ಗೆ ಜಿಎಸ್‌ಟಿ ಸೇರಿ 22 ರೂಪಾಯಿ 42 ಪೈಸೆ. ಇನ್ನೆರಡು ರೂಪಾಯಿ ಕೇಳಿ ಚೌಕಾಸಿ ಮಾಡಬಹುದಿತ್ತು.

ಇಷ್ಟು ಹೊತ್ತು ತಮಾಷೆ ಮಾಡಿದೆ. ಆದರೆ ಒಂದು ವಿಷಯಕ್ಕೆ ನನಗೆ ನಗು ಬರುವುದಿಲ್ಲ. ಭಾರತ ಪುರುಷರ ತಂಡದ ಏಕದಿನ, ಟಿ20 ಪಂದ್ಯಗಳ ಸಿಗ್ನಲ್ಲನ್ನು ದೂರದರ್ಶನದ ಜೊತೆ ಹಂಚಿಕೊಳ್ಳಬೇಕು ಅಂತ 2007ರಿಂದ ಕಾನೂನಿದೆ. ಜನರೆಲ್ಲ ನೋಡಲಿ ಅಂತ ಮಾಡಿದ್ದು. 2017ರಲ್ಲಿ ಸುಪ್ರೀಂ ಕೋರ್ಟು, ಹಾಗೆ ಸಿಕ್ಕಿದ್ದನ್ನು ದೂರದರ್ಶನ ತನ್ನ ಟವರಿನಲ್ಲಿ, ತಿಂಗಳ ಶುಲ್ಕವಿಲ್ಲದ ತನ್ನ ಫ್ರೀ ಡಿಶ್‌ನಲ್ಲಿ ಮಾತ್ರ ತೋರಿಸಬೇಕು, ಕೇಬಲ್‌ನವರಿಗೆ, ಖಾಸಗಿ ಡಿಶ್ (ಡಿಟಿಎಚ್) ಕಂಪನಿಯವರಿಗೆ ಕೊಡುವ ಹಾಗಿಲ್ಲ ಅಂದಿತು. ಅಂದರೆ ತಿಂಗಳಿಗೆ ಒಂದು ಪೈಸೆ ಕೊಡದವನಿಗೆ ಮ್ಯಾಚು ಕಾಣುತ್ತದೆ. ತಿಂಗಳು ತಿಂಗಳು ಕೊಡುವ ನನಗೆ ಅದೇ ದೂರದರ್ಶನದ ಚಾನೆಲಿನಲ್ಲಿ ಬೇರೆ ಏನೋ ಬರುತ್ತದೆ. ಆಕಾಶದ ತರಂಗಗಳು ಸಾರ್ವಜನಿಕರ ಆಸ್ತಿ ಅಂತ 1995ರಲ್ಲಿ ಇದೇ ಕೋರ್ಟು ಹೇಳಿತ್ತು, ಅದೂ ಕ್ರಿಕೆಟ್ಟಿನ ಜಗಳದಲ್ಲೇ. 2023ರ ಫೆಬ್ರವರಿಯಲ್ಲಿ ಚಾನೆಲ್‌ನವರಿಗೂ ಕೇಬಲ್‌ನವರಿಗೂ ದರದ ಜಟಾಪಟಿಯಾಗಿ ಕೆಲವು ದಿನ ಸಿಗ್ನಲ್ಲೇ ನಿಲ್ಲಿಸಿದರು. ಆಸ್ಟ್ರೇಲಿಯದ ವಿರುದ್ಧ ಟೆಸ್ಟ್ ಸರಣಿ ನಡೆಯುತ್ತಿತ್ತು. ತಿಂಗಳ ದುಡ್ಡು ಮೊದಲೇ ಕಟ್ಟಿ ಕೂತವರನ್ನು ಯಾರಾದರೂ ಒಂದು ಮಾತು ಕೇಳಿದರಾ? ಗ್ರಾಹಕರ ಹಿತ, ಗ್ರಾಹಕರ ಹಿತ ಅಂತ ಎರಡೂ ಕಡೆಯವರು ಹೇಳುತ್ತಲೇ ಇದ್ದರು. ನನ್ನ ಹಿತದ ಹೆಸರು ಹೇಳಬೇಡಿ ಮಾರಾಯ್ರೇ. ನಿಮ್ಮ ಜಗಳ ನೀವು ಮಾಡಿಕೊಳ್ಳಿ. ಸಾಕಾಗಿದೆ.

ಚರ್ಚ್‌ಗೇಟಿಗೆ ಹೋಗುವಾಗ ರೈಲಿನ ಕಿಟಕಿಯಿಂದ ವಾಂಖೆಡೆ ಕ್ರೀಡಾಂಗಣದ ದೀಪದ ಕಂಬಗಳು ಕಾಣುತ್ತವೆ. ಪುಕ್ಕಟೆ. ಇನ್ನೂ ಯಾರೂ ಹರಾಜು ಹಾಕಿಲ್ಲ.

ಆ ಭಾನುವಾರದ ಕಥೆ ಮುಗಿಸುತ್ತೇನೆ. ಕುಂದಾಪುರದ ಕಡೆ ನನ್ನ ಸೋದರಮಾವನ ಮನೆಯಲ್ಲಿ ಫ್ರೀ ಡಿಶ್ ಇದೆ. ಹಂಚಿನ ಮಾಡಿನ ಮೂಲೆಗೆ ತಂತಿಯಲ್ಲಿ ಬಿಗಿದ ಒಂದು ಕೊಡೆ, ಅಷ್ಟೇ. ಫೋನ್ ಮಾಡಿದೆ.

"ನಿಂಗೆ ಬೊಂಬಾಯಂಗೆ ಟೀವಿ ಇಲ್ಯಾ ಮಾರಾಯಾ?" ಅಂದರು.

ಇದೆ, 212 ಚಾನೆಲ್ ಇದೆ ಅಂದೆ. ಮಾವ ನಕ್ಕು ವಿಡಿಯೋ ಕಾಲ್ ಮಾಡಿ, ಫೋನನ್ನು ಟೀವಿಯ ಎದುರು ತಂಬಿಗೆಗೆ ಒರಗಿಸಿ ಇಟ್ಟರು. "ಹೋಯ್, ಕಾಣತ್ತಾ?" ಕಾಣುತ್ತಿತ್ತು. ಅರ್ಧ ಪಿಚ್ಚು, ಕಾಲು ಭಾಗ ಕ್ಯಾಲೆಂಡರು, ಆಗಾಗ ಮಾವನ ಹೆಬ್ಬೆರಳು. ನಡುವೆ ಅತ್ತೆ ಅಡ್ಡ ಹಾದುಹೋಗುವಾಗ ಒಂದೊಂದು ವಿಕೆಟ್ ತಪ್ಪುತ್ತಿತ್ತು. ಆದರೂ ಒಳ್ಳೆಯ ಮ್ಯಾಚು. ಕೊನೆಯ ಓವರಿಗೆ ಒಂಬತ್ತು ರನ್ ಬೇಕಿತ್ತು. ಎರಡು ಬಾಲು ಆಯಿತು. ಮೂರನೆಯದಕ್ಕೆ ಬೌಲರ್ ಓಡಿ ಬರುತ್ತಿದ್ದಾಗ ಊರಲ್ಲಿ ಕರೆಂಟು ಹೋಯಿತು.

ಕತ್ತಲೆಯಲ್ಲಿ ಮಾವನ ಧ್ವನಿ ಮಾತ್ರ. "ಈಗ ಬತ್ತ್, ನಿಲ್ಲ್."

ಅಷ್ಟರಲ್ಲಿ ನಮ್ಮ ಎರಡನೇ ಮಹಡಿಯಲ್ಲಿ ದೊಡ್ಡ ಕೂಗು. ಸಿಕ್ಸರಾ, ವಿಕೆಟ್ಟಾ, ಗೊತ್ತಾಗಲಿಲ್ಲ. ಬಾಗಿಲು ತೆರೆದು ಮೆಟ್ಟಿಲ ಹತ್ತಿರ ನಿಂತೆ, ನಾಲ್ಕನೇ ಮಹಡಿಯ ಹುಡುಗ ಶಿಳ್ಳೆ ಹಾಕುತ್ತಾನೋ ಬೈಯುತ್ತಾನೋ ನೋಡೋಣ ಅಂತ. ಅವನಿಗೆ ಬರಲು ಇನ್ನೂ ಅರ್ಧ ನಿಮಿಷ ಇತ್ತು.